ಕರಡಿಬಂಡೆಯ ಮೇಲೊಂದು ಟೆಂಟು

ಎಲ್ಲಕ್ಕೂ ಕಾರಣ ಒಂದು ಫೋಟೋ. ಸೋಂಪುರದ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಇಂಜಿನಿಯರು ಊಟದ ಹೊತ್ತಿನಲ್ಲಿ ಪರ್ಸಿನಿಂದ ಅದನ್ನು ತೆಗೆದು ತೋರಿಸಿದ. ಬೆಟ್ಟದ ನೆತ್ತಿ, ಒಂದು ಜೀಪು, ಒಂದು ಟೆಂಟು, ಅದರ ಮುಂದೆ ಕಾಫಿ ಲೋಟ ಹಿಡಿದು ಕೂತ ಅವನು. ಜೊತೆಗೆ ಯಾರಿದ್ದರು ಎಂದು ಸ್ಟೋರ್ ಕೀಪರ್ ಕಾಂತರಾಜು ಕೇಳಿದ. ಯಾರೂ ಇರಲಿಲ್ಲವಂತೆ. ಹೆಂಡತಿ? ಅವಳೂ ಇರಲಿಲ್ಲವಂತೆ. ಕಾಂತರಾಜುವಿನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ನೆಲಮಂಗಲದಲ್ಲಿ ಅವನದು ಎರಡು ಕೋಣೆಯ ಬಾಡಿಗೆ ಮನೆ, ಒಳಗೆ ಒಂಬತ್ತು ಜನ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೂ ಎರಡು ನಿಮಿಷಕ್ಕೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಅವನು ಒಂದು ರಾತ್ರಿಯೂ ಒಬ್ಬನೇ ಮಲಗಿದವನಲ್ಲ. ಆ ಒಂದು ರಾತ್ರಿ ತನಗೆ ಬೇಕೇ ಬೇಕು ಅಂತ ಅವನಿಗೆ ಅನ್ನಿಸಿಬಿಟ್ಟಿತು. ಆರು ತಿಂಗಳಲ್ಲಿ ಮಿಲಿಟರಿ ಹರಾಜಿನ ಹಳೇ ಜೀಪೊಂದು ಮನೆ ಮುಂದೆ ನಿಂತಿತ್ತು, ಶಿವಾಜಿನಗರದ ಗುಜರಿಯಿಂದ ತಂದ ಹಸಿರು ಟೆಂಟು ಮಂಚದ ಕೆಳಗೆ ಸೇರಿತ್ತು.

ಒಬ್ಬನೇ ಬೆಟ್ಟಕ್ಕೆ ಹೋಗುವವನು ಒಂದೋ ಸನ್ಯಾಸಿ, ಇಲ್ಲವೇ ಹೆಂಡತಿ ಹತ್ತಿರ ಜಗಳವಾಡಿದವನು ಎಂದು ತಾಯಿ ಬೈರಮ್ಮ ಸೊಸೆಯ ಕಡೆ ನೋಡಿದರು. ಸೊಸೆ ಆಶಾರಾಣಿ ಅತ್ತೆಯ ಕಡೆ ನೋಡಿದಳು. ಎದುರುಮನೆಯ ಸಂಜೀವಪ್ಪನವರು ಅಯ್ಯೋ ಪಾಪ ಎಂದು ತಾವೂ ಜೊತೆಗೆ ಹೊರಡಲು ಚೀಲ ತುಂಬಿಕೊಂಡರು. ಹೀಗೇ ಬಿಟ್ಟರೆ ಇಡೀ ಬೀದಿಯೇ ಜೀಪು ಹತ್ತೀತೆಂದು ಹೆದರಿದ ಕಾಂತರಾಜು, ಶನಿವಾರ ಕೋಳಿ ಕೂಗುವ ಮೊದಲೇ ಎದ್ದು ಜೀಪನ್ನು ಸದ್ದಿಲ್ಲದೆ ಬೀದಿಯ ಕೊನೆಯವರೆಗೂ ತಳ್ಳಿ, ಅಲ್ಲಿ ಸ್ಟಾರ್ಟ್ ಮಾಡಿ ಪರಾರಿಯಾದ.

ಸೋಂಪುರದಾಚೆ ಬೋರೇನಹಳ್ಳಿ, ಅದರ ಬೆನ್ನಿಗೇ ಕರಡಿಬಂಡೆ ಬೆಟ್ಟ. ನೆತ್ತಿಯ ಮೇಲೆ ಬೈರೇದೇವರ ಪುಟ್ಟ ಗುಡಿ. ಅಲ್ಲಿಗೆ ದಾರಿ ಎಂದರೆ ದನ ನಡೆದು ಸವೆದ ಕೊರಕಲು, ಅಷ್ಟೆ. ಕಾಂತರಾಜು ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಗೇರು ಹಾಕಿ ನುಗ್ಗಿಸಿದ. ಕಲ್ಲು ಸಿಡಿದವು, ಲಂಟಾನ ಮುಳ್ಳಿಗೆ ಸಿಕ್ಕಿ ಅಂಗಿಯ ತೋಳು ಹರಿಯಿತು. ಒಂದು ತಿರುವಿನಲ್ಲಿ ಮುಂದಿನ ಚಕ್ರ ಗಾಳಿಯಲ್ಲಿ ತಿರುಗಿತು. ಆದರೂ ನಿಲ್ಲಿಸಲಿಲ್ಲ. ಒಂಬತ್ತು ಗಂಟೆಗೆ ನೆತ್ತಿಯ ಮೇಲೆ ನಿಂತಾಗ ಅವನಿಗೆ ಕುಣಿಯಬೇಕೆನಿಸಿತು, ಕುಣಿದೂಬಿಟ್ಟ. ನೋಡಿ ನಗುವವರು ಯಾರೂ ಇರಲಿಲ್ಲ. ಟೆಂಟು ಹೊಡೆದು ಸ್ಟೌ ಹಚ್ಚಿ ಕಾಫಿಗಿಟ್ಟ. ಬದುಕಿನಲ್ಲಿ ಇಷ್ಟು ಸುಖವಾದ ಹತ್ತು ನಿಮಿಷ ಅವನು ಕಂಡಿರಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಬೋರೇನಹಳ್ಳಿಯ ಯಜಮಾನರು ಮುನಿವೆಂಕಟಪ್ಪ ಏದುಸಿರು ಬಿಡುತ್ತ ಹತ್ತಿ ಬಂದರು. ಈ ಬೆಟ್ಟಕ್ಕೆ ಗಾಡಿ ಹತ್ತಿದ್ದನ್ನು ಊರು ಇವತ್ತೇ ಕಂಡದ್ದಂತೆ. ಮಂಡಿ ನೋವಿನ ತಮ್ಮ ತಾಯಿ ಸಪ್ಪಲಮ್ಮನವರು ಬೈರೇದೇವರ ಮುಖ ನೋಡಿ ಹದಿನೈದು ವರ್ಷವಾಯಿತು, ಒಂದೇ ಒಂದು ಸಲ ಕರೆತಂದರೆ ಪುಣ್ಯ ಬರುತ್ತದೆ ಎಂದರು. ದೇವರ ಕೆಲಸಕ್ಕೆ ಇಲ್ಲ ಎನ್ನಲು ಕಾಂತರಾಜುವಿಗೆ ನಾಲಗೆ ಏಳಲಿಲ್ಲ.

ಕೆಳಗೆ ಹೋಗಿ ನೋಡಿದರೆ ಊರಿನಲ್ಲಿ ಮಂಡಿ ನೋವು ಒಬ್ಬರಿಗೇ ಇರಲಿಲ್ಲ. ಮೊದಲ ಸಲಕ್ಕೆ ಸಪ್ಪಲಮ್ಮನವರ ಜೊತೆ ಏಳು ಜನ ಹತ್ತಿದರು. ಒಬ್ಬರನ್ನು ಹತ್ತಿಸಿ ಇನ್ನೊಬ್ಬರನ್ನು ಬಿಟ್ಟರೆ ದೇವರು ಮುನಿಯುವುದಿಲ್ಲವೇ ಎಂದು ಉಳಿದವರು ಕೇಳಿದರು. ಮೂರನೇ ಸಲಕ್ಕೆ ಪಾಪಯ್ಯ ಎಂಬಾತ ತಾನಾಗಿಯೇ ಕಂಡಕ್ಟರಾಗಿ ಹಿಂದೆ ಜೋತುಬಿದ್ದು, ತಗಡು ಬಡಿದು ರೈಟ್ ಹೇಳತೊಡಗಿದ. ಐದನೇ ಸಲಕ್ಕೆ ಮುನಿವೆಂಕಟಪ್ಪನವರ ಹೆಂಡತಿ ಸೊಣ್ಣಮ್ಮ, ಮಗುವಿನ ಮುಡಿ ತೆಗೆಸಲು ಮುಹೂರ್ತ ಮೀರುತ್ತಿದೆ, ಇಷ್ಟು ನಿಧಾನವಾಗಿ ಓಡಿಸಿದರೆ ಹೇಗೆ ಎಂದು ಗದರಿಕೊಂಡರು. ಕಾಂತರಾಜು ಕ್ಷಮೆ ಕೇಳಿದ. ಮೇಲೆ ಅವನ ಸ್ಟೌ ಮೇಲೆ ಪೊಂಗಲು ಉಕ್ಕುತ್ತಿತ್ತು, ಟೆಂಟಿನಲ್ಲಿ ನಾಲ್ಕು ಮಕ್ಕಳು ನಿದ್ದೆ ಹೋಗಿದ್ದವು, ಅವನ ಕಾಫಿಯನ್ನು ಯಾರೋ ಕುಡಿದಿದ್ದರು.

ಮುನಿವೆಂಕಟಪ್ಪನವರು ಮಾತ್ರ ಮಾತು ಕೊಟ್ಟಿದ್ದರು: ಸಂಜೆಗೆ ಎಲ್ಲರೂ ಇಳಿದುಹೋಗುತ್ತೇವೆ, ರಾತ್ರಿ ಪೂರ್ತಿ ನಿಮ್ಮದೇ. ಆ ಒಂದು ಮಾತು ನಂಬಿ ಅವನು ಸೊಂಟ ಮುರಿಯುವವರೆಗೂ ಜೀಪು ಓಡಿಸಿದ. ಮಾತಿನಂತೆ ಐದೂವರೆಗೆ ಗುಡಿಯ ಮುಂದೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಸಪ್ಪಲಮ್ಮನವರನ್ನು ಮನೆಗೆ ಮುಟ್ಟಿಸಿ ಬಂದರೆ ಮುಗಿಯಿತು.

ಮುದುಕಿ ಟೆಂಟಿನಲ್ಲಿ ಕಾಲು ಚಾಚಿ ಕೂತಿದ್ದರು.

"ಏಳಿ ಅಜ್ಜಿ, ಮನೆಗೆ ಬಿಟ್ ಬರ್ತೀನಿ."

"ಅದ್ಸರಿ, ನೀನ್ಯಾಕಪ್ಪ ಒಬ್ನೇ ಇಲ್ಲಿಗೆ ಬಂದಿದ್ದು?"

ಬೆಳಗಿನಿಂದ ಇದನ್ನು ಕೇಳಿದವರಿಗೆಲ್ಲ ಅವನು ಏನೇನೋ ಹೇಳಿ ಜಾರಿಕೊಂಡಿದ್ದ. ಈ ಸಲ ನಿಜ ಹೇಳಿದ. ಮುದುಕಿ ನಗಲಿಲ್ಲ.

"ನಿಮ್ಮನೇಲಿ ಎಷ್ಟು ಜನ?"

"ಒಂಬತ್ತು."

"ನಮ್ಮನೇಲಿ ಹದಿನೇಳು. ಹದಿಮೂರು ವರ್ಸಕ್ಕೆ ಸೊಸೆಯಾಗಿ ಬಂದೆ ಕಣಪ್ಪ. ಅವತ್ತಿಂದ ಒಂದಿನಾನೂ ಒಬ್ಳೇ ಮಲಗಿಲ್ಲ. ಹೆಂಗಿರ್ತದೋ ನೋಡ್ಬೇಕು. ನೀನಾದ್ರೆ ಇನ್ನೊಂದಿನ ಬರ್ಬೋದು, ನಾನು ಬರಕ್ಕಾಯ್ತದಾ?"

ಮುದುಕಿಯ ಕಷ್ಟ ಕಾಂತರಾಜುವಿಗೆ ಅರ್ಥವಾಗದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತಾನು ಹೊರಗೆ ಜೀಪಿನಲ್ಲಿ ಮಲಗುತ್ತೇನೆ ಎಂದು ಕೊನೆಯ ಪ್ರಯತ್ನ ಮಾಡಿದ.

"ನೀನಿದ್ರೆ ನಾನೊಬ್ಳೇ ಹೆಂಗಾಯ್ತೀನಿ?" ಎಂದರು ಮುದುಕಿ, ಕಂಬಳಿ ಎಳೆದುಕೊಳ್ಳುತ್ತ.

ಅವನು ಲಾಂದ್ರ ಹಚ್ಚಿಟ್ಟು, ಟೆಂಟಿನ ಹಗ್ಗ ಬಿಗಿಮಾಡಿ, ನೀರಿನ ಕ್ಯಾನು ಪಕ್ಕಕ್ಕಿಟ್ಟು ಇಳಿದು ಬಂದ. ಬೋರೇನಹಳ್ಳಿಯ ಬಾವಿಕಟ್ಟೆಯ ಹತ್ತಿರ ಡೀಸೆಲ್ಲೂ ಮುಗಿಯಿತು. ಮುನಿವೆಂಕಟಪ್ಪನವರು ವಿಷಯ ಕೇಳಿ ಒಂದು ಗಳಿಗೆ ಬೆಟ್ಟದ ಕಡೆ ನೋಡಿದರು. ಅವ್ವ ಹೇಳಿದ ಮೇಲೆ ಮುಗಿಯಿತು, ಅವರಿಗೆ ಎದುರಾಡಿದವರು ಈ ಮನೆಯಲ್ಲಿ ಯಾರೂ ಇಲ್ಲ ಎಂದರು. ಬೆಳಿಗ್ಗೆ ಡೀಸೆಲ್ ತಾವೇ ತರಿಸುತ್ತೇವೆ, ಆದರೆ ಅವ್ವನನ್ನು ಇಳಿಸಿಕೊಟ್ಟೇ ಹೊರಡಬೇಕು, ಬಂದ ನೆಂಟರನ್ನು ಜೀಪಿನಲ್ಲಿ ಮಲಗಿಸುವ ಮರ್ಯಾದೆಗೆಟ್ಟ ಮನೆಯೂ ತಮ್ಮದಲ್ಲ ಎಂದು ಕೈ ಹಿಡಿದು ಒಳಗೆ ಕರೆದೊಯ್ದರು.

ಮುದ್ದೆ, ಅವರೆಕಾಳು ಸಾರು ಹೊಟ್ಟೆ ತುಂಬ ಆಯಿತು. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಚಾಪೆ ಹಾಸಿದರು. ಕಾಂತರಾಜುವಿಗೆ ಸಿಕ್ಕಿದ್ದು ಸಪ್ಪಲಮ್ಮನವರದೇ ಜಾಗ, ಸರಿಯಾಗಿ ಮಧ್ಯದಲ್ಲಿ. ಎಡಗಡೆ ಗೊರಕೆ ಆಗಲೇ ಶುರುವಾಗಿತ್ತು. ಬಲಗಡೆಯಿಂದ ಮೊಮ್ಮಗನೊಬ್ಬ ಉರುಳಿ ಬಂದು ಅವನ ಹೊಟ್ಟೆಯ ಮೇಲೆ ಕಾಲು ಹಾಕಿದ.

ಬಾಗಿಲು ಹಾಕುವ ಮೊದಲು ದಿನವೂ ತಲೆ ಎಣಿಸುವುದು ಸೊಣ್ಣಮ್ಮನವರ ಪದ್ಧತಿ. ಬುಡ್ಡಿ ಎತ್ತಿ ಹಿಡಿದು ನೆಂಟನನ್ನು ಬಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಣಿಸುತ್ತ ಬಂದರು. ಹದಿನಾರಕ್ಕೆ ತಡವರಿಸಿ ನಿಂತರು. ಆಮೇಲೆ ಬುಡ್ಡಿ ಹಿಂದಕ್ಕೆ ತಿರುಗಿ, ಮಧ್ಯದಲ್ಲಿದ್ದ ಕಾಂತರಾಜುವಿನ ಮುಖದ ಮೇಲೆ ಬೆಳಕು ಬಿತ್ತು.

"ಹದಿನೇಳು. ಸರಿಹೋಯ್ತು," ಎಂದು ಸೊಣ್ಣಮ್ಮ ಅಗುಳಿ ಹಾಕಿದರು.