ಅಡುಗೆಮನೆಗೊಂದು ಗಟ್ಟಿ ಕಲ್ಲು

ಬೇರೆಯವರ ಮನೆಯಲ್ಲಿ ಕಟ್ಟೆ ಒಡೆದರೆ ಮೇಸ್ತ್ರಿ ಬರುತ್ತಾನೆ, ಕಟ್ಟುತ್ತಾನೆ, ಹೋಗುತ್ತಾನೆ. ಕಡೂರಿನ ನಮ್ಮ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಪಕ್ಕದ ಮನೆಯವರು ಕುರ್ಚಿ ಹಾಕಿಕೊಂಡು ನೋಡುವಂಥದ್ದು ಏನಾದರೂ ನಡೆದೇ ನಡೆಯುತ್ತದೆ.

ನಾನು ಮನೆಯಲ್ಲೇ ಹೋಳಿಗೆ ಮಾಡಿ ಆರ್ಡರ್‌ಗೆ ಕೊಡುವವಳು. ಮಂಡಿ ಮಡಚಲು ಬಾರದು, ನೆಲದಲ್ಲಿ ಕೂತು ಮಾಡುವ ಕಾಲ ಮುಗಿಯಿತು. ಹಾಗಾಗಿ ಗ್ಯಾಸ್ ಒಲೆ ಇಡುವ ಕಟ್ಟೆಯೇ ನನ್ನ ಅಂಗಡಿ. ಅದರ ಕಡಪ ಕಲ್ಲು ಒಂದು ಸೋಮವಾರ, ಕಾದ ಕಾವಲಿ ಇಳಿಸಿದ ಕೂಡಲೇ, ಚಟ್ ಎಂದು ಎರಡು ಹೋಳಾಯಿತು. ಮುಂದಿನ ಸೋಮವಾರ ಅಜ್ಜಂಪುರದ ಒಂದು ಗೃಹಪ್ರವೇಶಕ್ಕೆ ಮುನ್ನೂರು ಹೋಳಿಗೆ ಒಪ್ಪಿಕೊಂಡಿದ್ದೆ. ಹೊಸ ಗಿರಾಕಿ. ಈ ಸಲ ತಪ್ಪಿದರೆ ಆ ಕಡೆಯವರು ಮತ್ತೆ ನನ್ನ ಹೆಸರೆತ್ತುವುದಿಲ್ಲ.

ಅಗ್ಗದ ಅಮೃತಶಿಲೆ

ನಮ್ಮ ಯಜಮಾನರು ಮೋಟಾರ್ ರಿಪೇರಿ ಮಾಡುವವರು. ಜಗತ್ತಿನಲ್ಲಿ ತಾವು ರಿಪೇರಿ ಮಾಡಲಾಗದ್ದು ಇಲ್ಲ ಎಂಬ ನಂಬಿಕೆ.

"ಹೊಸ ಕಲ್ಲು ಯಾಕೆ? ನಾನಿದೀನಲ್ಲ" ಎಂದು ಸಂತೆಗೆ ಹೋಗಿ ಅಮೃತಶಿಲೆಯ ಚಿತ್ರವಿರುವ ಅಂಟಿಸುವ ಹಾಳೆ ತಂದರು. ಒಡೆದ ಕಲ್ಲಿಗೆ ಅಡಿಯಲ್ಲಿ ಹಲಗೆ ಕೊಟ್ಟು, ಮೇಲೆ ಹಾಳೆ ಅಂಟಿಸಿ, ಅಂಗೈಯಿಂದ ಸವರಿ ಸವರಿ ಗುಳ್ಳೆ ತೆಗೆದರು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಮರುದಿನ ಬೆಳಗ್ಗೆ ದೋಸೆ ಹುಯ್ದು, ಕಾವಲಿ ಇಳಿಸಿಟ್ಟೆ. ಮತ್ತೆ ಎತ್ತಿದರೆ ಕಾವಲಿಯ ಜೊತೆ ಅಮೃತಶಿಲೆಯೂ ಎದ್ದು ಬಂತು. ಮನೆಯೆಲ್ಲ ಸುಟ್ಟ ವಾಸನೆ.

ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಕಲ್ಲೇನೋ ಚೆನ್ನಾಗೈತೆ ಕಣೋ ಮಗ. ಒಸಿ ಹಗುರ."

ತರೀಕೆರೆಯಲ್ಲಿ ಪರೀಕ್ಷೆ

ಬುಧವಾರ ಮೂವರೂ ತರೀಕೆರೆಯ ಒಂದು ಕಲ್ಲಿನ ಅಂಗಡಿಗೆ ಹೋದೆವು. ಅತ್ತೆಯ ಚೀಲದಲ್ಲಿ ಅರಿಶಿನ, ನಿಂಬೆಹಣ್ಣು, ಒಂದು ತೆಂಗಿನಕಾಯಿ.

ಅಂಗಡಿಯವನು ಬಿಳಿ ಕಲ್ಲು ತೋರಿಸಿ, "ಹಾಲಿನಂಗೈತೆ ನೋಡ್ರವ್ವ" ಅಂದ. ಅತ್ತೆ ಅದರ ಮೇಲೆ ನಿಂಬೆರಸ ಹಿಂಡಿ ಅರಿಶಿನ ತಿಕ್ಕಿದರು. ಅವನು ಹೌಹಾರಿ ಬಟ್ಟೆ ತಂದು ಒರೆಸಿದ, ನೀರು ಹಾಕಿ ತೊಳೆದ. ಹಳದಿ ಹೋಗಲಿಲ್ಲ.

"ಹಾಲು ಕೆಟ್ಟೋಯ್ತಲ್ಲಪ್ಪ" ಅಂದರು ಅತ್ತೆ.

ಕಪ್ಪು ಗ್ರಾನೈಟ್ ಚೆನ್ನಾಗಿತ್ತು, ಬೆಲೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಅಜ್ಜಂಪುರದವರಿಗೆ ಕ್ಷಮೆ ಕೇಳಲು ಮಾತು ಜೋಡಿಸತೊಡಗಿದೆ. ಅಷ್ಟರಲ್ಲಿ ಅತ್ತೆಯ ಕಣ್ಣು ಅಂಗಡಿಯ ಹೊರಗೆ, ಇಟ್ಟಿಗೆಗಳ ಮೇಲೆ ಮಲಗಿಸಿದ್ದ ಉದ್ದನೆಯ ಗ್ರಾನೈಟ್ ತುಂಡಿನ ಮೇಲೆ ಬಿತ್ತು. ಯಾರದೋ ಮನೆಗೆ ಕೊಯ್ದು ಉಳಿದಿದ್ದಂತೆ. ಅಂಗಡಿಯವನು ವರ್ಷಗಟ್ಟಲೆ ಅದರ ಮೇಲೇ ಟೀ, ತಿಂಡಿ, ಎಲೆಯಡಿಕೆ ಇಟ್ಟುಕೊಂಡಿದ್ದ.

ಅತ್ತೆ ಹೋದವರೇ ತೆಂಗಿನಕಾಯಿಯನ್ನು ಅದರ ಅಂಚಿಗೆ ಪಟಾರನೆ ಬಡಿದರು. ಅಂಗಡಿಯವನು ಎರಡೂ ಕೈ ಚಾಚಿ ಓಡಿ ಬಂದ. ಕಾಯಿ ಹೋಳಾಯಿತು, ಕಲ್ಲು ಅಲ್ಲಾಡಲಿಲ್ಲ.

"ಬಿಸಿಲು, ಮಳೆ, ನಿನ್ನ ಟೀ ಎಲ್ಲಾ ತಡ್ಕಂಡೈತೆ. ಇದನ್ನೇ ಕೊಡಪ್ಪ, ತುಂಡಿನ ಬೆಲೆಗೆ."

ಅವನು ಹೂಂ ಅನ್ನುವ ಮೊದಲೇ ಯಜಮಾನರು ಒಂದು ತುದಿ ಹಿಡಿದಿದ್ದರು. ನಾವು ಹೊರಟಾಗ ಆ ಮನುಷ್ಯ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ತಿಂಡಿ ತಟ್ಟೆ ಹಿಡಿದು, ಎಲ್ಲಿಡಬೇಕೋ ತಿಳಿಯದೆ ನಿಂತಿದ್ದ.

ದಾರಿಯಲ್ಲಿ

ಲಗೇಜ್ ಆಟೋದಲ್ಲಿ ಕಲ್ಲನ್ನು ಓರೆಯಾಗಿ ನಿಲ್ಲಿಸಿ, ಕಂಬಳಿ ಹೊದಿಸಿ, ಯಜಮಾನರು ಹಿಂದೆ ಕೂತು ತಬ್ಬಿಕೊಂಡರು. ಮುಂದೆ ಡ್ರೈವರ್ ಪಕ್ಕ ಒತ್ತಿಕೊಂಡು ನಾನು, ಅತ್ತೆ. ರಸ್ತೆಯ ಒಂದೊಂದು ಹಂಪ್‌ಗೂ ಹಿಂದಿನಿಂದ "ನಿಧಾನ ಕಣೋ, ಜೀವ ಹೋಗ್ತೈತೆ!" ಎಂಬ ಕೂಗು.

ರೈಲ್ವೆ ಗೇಟ್ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಕಂಬಳಿ ನೋಡಿ, ತಬ್ಬಿದವರ ಮುಖ ನೋಡಿ, ಮೆಲ್ಲಗೆ ಕೇಳಿದರು: "ಆಸ್ಪತ್ರೆಗಾ?"

"ಇಲ್ಲ, ಮನೆಗೆ."

"ಅಯ್ಯೋ, ಆಗ್ಲೇ ಹೋಯ್ತಾ?" ಎಂದು ತಲೆಯ ಟವೆಲ್ ತೆಗೆದು ಕೈಮುಗಿದೇಬಿಟ್ಟರು. ಯಜಮಾನರೂ ಗಾಬರಿಯಲ್ಲಿ ಕೈಮುಗಿದರು. ಕಲ್ಲು ವಾಲಿತು, ನಾನು ಚೀರಿದೆ. ಮುದುಕರು ನನ್ನ ಕಡೆ ತಿರುಗಿ, "ಸಮಾಧಾನ ಮಾಡ್ಕೋ ತಾಯಿ, ವಯಸ್ಸಾಗಿತ್ತೇನೋ" ಅಂದರು.

ಎತ್ತರದ ವಿಷಯ

ಗುರುವಾರ ಹಳೇ ಕಟ್ಟೆ ಕೆಡವಿ ಹೊಸದು ಕಟ್ಟಲು ಮೇಸ್ತ್ರಿ ಬಂದ. ನಾನು ಹೂರಣ ಬೇಳೆಯದೋ ಕಾಯಿಯದೋ ಕೇಳಿ ಬರಲು ಅಜ್ಜಂಪುರಕ್ಕೆ ಹೋಗಿದ್ದೆ. "ಭಾನುವಾರ ಸಂಜೆಯೇ ಕಳಿಸ್ತೀನಿ" ಎಂದು ಎದೆತಟ್ಟಿ ಹೇಳಿ ಬಂದೆ.

ಸಂಜೆ ಬಂದು ನೋಡಿದರೆ ಕಟ್ಟೆ ನನ್ನ ಎದೆಮಟ್ಟಕ್ಕಿದೆ! ನಾನು ಐದಡಿಗೆ ಎರಡು ಬೆರಳು ಕಡಿಮೆ, ಯಜಮಾನರು ಆರಡಿ.

"ರೀ, ಯಾರ ಅಳತೆಗೆ ಕಟ್ಟಿಸಿದ್ರಿ?"

"ಮೇಸ್ತ್ರಿ ಅಳತೆ ಕೇಳ್ದ. ನೀನಿರಲಿಲ್ವಲ್ಲ, ನಾನೇ ನಿಂತ್ಕಂಡೆ."

ಗಾರೆ ಹಿಡಿದುಬಿಟ್ಟಿತ್ತು. ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ, ಮಂಗಳವಾರದವರೆಗೆ ಸಿಗುವುದಿಲ್ಲ. ಮಣೆಯ ಮೇಲೆ ಹತ್ತಿ ನೋಡಿದೆ, ಮಂಡಿ ನಡುಗಿ ಕಾದ ಕಾವಲಿಯ ಮೇಲೇ ಬೀಳುವಂತಾಯಿತು. ಅತ್ತುಬಿಟ್ಟೆ. ಬಂದ ಹೊಸ ಗಿರಾಕಿ ಹೋಯಿತು, ಮರ್ಯಾದೆಯೂ ಹೋಯಿತು ಅನ್ನಿಸಿತು.

ಅತ್ತೆ ಮಾತ್ರ ಶಾಂತವಾಗಿದ್ದರು. "ಯಾಕಳ್ತೀಯ ಕಣೇ? ಅಳತೆ ಕೊಟ್ಟೋನು ಇಲ್ಲೇ ಅವ್ನಲ್ಲ."

ಭಾನುವಾರ ನಾನು ಕುರ್ಚಿಯಲ್ಲಿ ಕೂತು ಕಣಕಕ್ಕೆ ಹೂರಣ ತುಂಬಿ ಉಂಡೆ ಕೊಟ್ಟೆ. ಯಜಮಾನರು ತಟ್ಟಿದರು. ಮೊದಲನೆಯದು ಮೂಲೆ ಮೂಲೆಯಾಗಿ ಹೂರಣ ಕಾರಿತು. ಹತ್ತನೆಯದು ದುಂಡಗಾಯಿತು. ಐವತ್ತು ದಾಟಿದ ಮೇಲೆ ಮೋಟಾರ್‌ಗೆ ತಂತಿ ಸುತ್ತುವ ಆ ಬೆರಳುಗಳು ಎಲೆಯಷ್ಟು ತೆಳ್ಳಗೆ ತಟ್ಟತೊಡಗಿದವು. ನನಗೆ ಖುಷಿಗಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು. ಮುನ್ನೂರೂ ಹೊತ್ತು ಮುಳುಗುವುದರೊಳಗೆ ಹೋದವು.

ಸೋಮವಾರ ಅಜ್ಜಂಪುರದಿಂದ ಫೋನು: "ಅಕ್ಕಾ, ಬಾಯಲ್ಲಿಟ್ರೆ ಕರಗ್ತವೆ. ಮುಂದಿನ ತಿಂಗಳ ನಾಮಕರಣಕ್ಕೂ ನೀವೇ ಮಾಡ್ಕೊಡಿ."

ಮಂಗಳವಾರ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಬಂದ. ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ ಯಜಮಾನರು ದೇವರೇ ಬಂದಂತೆ ಬಾಗಿಲಿಗೆ ಓಡಿದರು. "ಬಾರಪ್ಪ ಬಾ, ಒಂದಡಿ ಇಳಿಸ್ಬಿಡು."

ಅತ್ತೆ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತರು.

"ಮುಟ್ಟಬ್ಯಾಡ ಕಣಪ್ಪ! ಹುಟ್ಟಿದಾಗಿನಿಂದ ಅಡುಗೆಮನೆ ಕಡೆ ತಲೆ ಹಾಕಿರ್ಲಿಲ್ಲ ಇವ್ನು. ಈಗ ಅಳತೆ ಸರಿಯಾಗಿ ಕೂತೈತೆ."