ಗೇಟಿನ ಮೇಲಿದ್ದ ತೋರಣ

ನಾನು ನಿಂತಿದ್ದದ್ದು ಶಿಕಾರಿಪುರದ ನಮ್ಮ ಮನೆಯ ಗೇಟಿನ ಒಳಗೆ, ಗೇಟಿನಿಂದ ಎರಡು ಅಡಿ ಹಿಂದೆ. ಹೋದ ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಚಕ್ಕುಬಂದಿ ಹೇಳಬೇಕೆಂದರೆ, ಪೂರ್ವಕ್ಕೆ ಗೇಟು, ಅದರಾಚೆ ರಸ್ತೆ, ರಸ್ತೆಯಲ್ಲಿ ಎದುರುಮನೆ ರುದ್ರಮ್ಮನವರ ಹಸು; ಪಶ್ಚಿಮಕ್ಕೆ ನಮ್ಮ ಮನೆಯ ಮೆಟ್ಟಿಲು; ಉತ್ತರಕ್ಕೆ ನಲ್ಲಿ; ದಕ್ಷಿಣಕ್ಕೆ ದಾಸವಾಳದ ಗಿಡ. ಈ ನಾಲ್ಕರ ಮಧ್ಯೆ ನಾನು. ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಜನರ ಜಮೀನು ಅಳೆದವನಿಗೆ, ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳದೆ ಮುಂದಿನ ಮಾತು ಹೊರಡುವುದಿಲ್ಲ. ಎಂಟು ಇಪ್ಪತ್ತಕ್ಕೆ ಭತ್ತದ ತೆನೆಯ ತೋರಣ ಗೇಟಿನ ಮೇಲಿತ್ತು. ಎಂಟು ಇಪ್ಪತ್ತೊಂದಕ್ಕೆ ಅದು ಹಸುವಿನ ಬಾಯಲ್ಲಿತ್ತು. ನಡುವಿನ ಆ ಒಂದು ನಿಮಿಷವನ್ನು ನಿಧಾನವಾಗಿ ಬರೆಯುತ್ತೇನೆ.

ನಮ್ಮ ಕಡೆ ಶೋಪೀಸನ್ನು ಯಾರೂ ತಮಗಾಗಿ ಕೊಳ್ಳುವುದಿಲ್ಲ. ಇನ್ನೊಬ್ಬರ ಮನೆಗಾಗಿ ಕೊಳ್ಳುತ್ತಾರೆ. ಹಾಗಾಗಿ ಊರಿನ ಯಾವ ಮನೆಯಲ್ಲಿಯೂ ಆ ಮನೆಯವರು ಇಷ್ಟಪಟ್ಟ ಶೋಪೀಸು ಇರುವುದಿಲ್ಲ. ನಮ್ಮ ಗೃಹಪ್ರವೇಶಕ್ಕೆ ಬಂದವರು ಐದು ಗೋಡೆ ಗಡಿಯಾರ ಕೊಟ್ಟರು. ಐದನ್ನೂ ನೇತು ಹಾಕದಿದ್ದರೆ ಕೊಟ್ಟವರು ಬಂದಾಗ ಗೋಡೆ ಹುಡುಕುತ್ತಾರೆ. ಐದೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ನಾನು ಎದ್ದದ್ದು ತಡವಾದ ದಿನ ನನಗೆ ಬೇಕಾದ ಗಡಿಯಾರದ ಕೆಳಗೆ ನಿಲ್ಲುತ್ತಿದ್ದೆ. ಶೋಕೇಸಿನಲ್ಲಿ ಮುತ್ತಿಡುವ ಎರಡು ಡಾಲ್ಫಿನ್, ಬಾಲ ಮುರಿದ ಕುದುರೆ, ಕಪ್ಪೆಚಿಪ್ಪಿನ ಹಡಗು, ಥರ್ಮಕೋಲಿನ ಹಂಸ, ಸ್ವಿಚ್ ಹಾಕಿದರೆ ನೀಲಿ ದೀಪ ಉರಿಯುವ ತಾಜಮಹಲು. ಫ್ರಿಜ್ಜಿನ ಮೇಲೆ ಪ್ಲಾಸ್ಟಿಕ್ಕಿನ ದ್ರಾಕ್ಷಿ ಗೊಂಚಲು. ಅದನ್ನು ಒಮ್ಮೆ ನಮ್ಮ ಮನೆಗೆ ಬಂದಿದ್ದ ತಹಶೀಲ್ದಾರರು ಮಾತಿನ ಭರದಲ್ಲಿ ಕಚ್ಚಿದ್ದರು. ನಾವಿಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ.

ನಿವೃತ್ತನಾದ ಮೇಲೆ ನನಗೆ ಮೊಬೈಲಿನಲ್ಲಿ ಮಿನಿಮಲಿಸಂ ಸಿಕ್ಕಿತು. ಬಿಳಿ ಗೋಡೆ, ಒಂದು ಚಾಪೆ, ಒಂದು ಹೂಜಿ, ಅದರ ಪಕ್ಕ ಬಿಳಿ ಅಂಗಿಯ ಒಬ್ಬ ಮನುಷ್ಯ. ಅವನ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮಂಜೂರಾತಿ ಪತ್ರ ಕೈಗೆ ಬಂದ ರೈತರ ಮುಖದಲ್ಲಿ ಮಾತ್ರ ನೋಡಿದ್ದೆ. "ಒಂದು ವರ್ಷ ಉಪಯೋಗಕ್ಕೆ ಬಾರದ ವಸ್ತು ಮನೆಯಲ್ಲಿ ಇರಕೂಡದು" ಎಂದು ಅವನು ಹೇಳಿದ. ಅದನ್ನು ನಾನು ಹೆಂಡತಿ ಗಿರಿಜಾಳಿಗೆ ಹೇಳಿದೆ.

"ನೀವು ರಿಟೈರ್ ಆಗಿ ಎರಡು ವರ್ಷ ಆತು ನೋಡ್ರಿ" ಅಂದಳು ಅವಳು, ಸೊಪ್ಪು ಸೋಸುತ್ತಾ.

ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಅವಳು ಉಡುತಡಿಗೆ ನಾಮಕರಣಕ್ಕೆ ಹೊರಟ ಶನಿವಾರ ಚೀಲ ಹೆಗಲಿಗೇರಿಸುತ್ತಾ, "ಶೋಕೇಸ್ ಒಂದು ಖಾಲಿ ಮಾಡ್ಕೊಳ್ರಿ, ನಂದೇನೂ ತಕರಾರಿಲ್ಲ. ಅದನ್ನ ಬಿಟ್ಟು ಆಚೆ ಕೈ ಹಾಕಬ್ಯಾಡ್ರಿ. ಊರಿಗೆಲ್ಲಾ ಗೀಟು ಎಳದು ಕೊಟ್ರಿ, ನಿಮಗ ಎಳದು ಕೊಟ್ಟ ಗೀಟಿನಾಗ ನಿಲ್ಲೋರಲ್ಲ ನೀವು" ಅಂದು ಹೋದಳು.

ಅವಳ ಅಂದಾಜು ಸರಿಯಾಗಿತ್ತು. ಮಂಜೂರಾದದ್ದು ಶೋಕೇಸು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಶೋಕೇಸು ಮುಗಿಯಿತು. ಸಂಜೆಗೆ ನಾನು ಫ್ರಿಜ್ಜಿನ ಮೇಲ್ಭಾಗವನ್ನು ಒತ್ತುವರಿ ಮಾಡಿದೆ. ಆಮೇಲೆ ನಾಲ್ಕು ಗಡಿಯಾರ. ಭಾನುವಾರ ಬೆಳಿಗ್ಗೆ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು. ಅಲ್ಲಿ ಭತ್ತದ ತೋರಣವಿತ್ತು.

ತೋರಣ ಗಿರಿಜಾಳ ಅಕ್ಕ ಪಾರ್ವತಕ್ಕನದು. ಅವರು ಸೊರಬದ ಆಚೆಯ ಹಳ್ಳಿಯವರು. ಪ್ರತಿ ಸಂಕ್ರಾಂತಿಯ ಆಸುಪಾಸಿನಲ್ಲಿ ಬಂದು, ತೆನೆಗಳನ್ನು ಜಡೆಯಂತೆ ಹೆಣೆದ ಹೊಸ ತೋರಣ ಕಟ್ಟಿ, ಹಳೆಯದನ್ನು ಬಿಚ್ಚಿ ಗುಬ್ಬಿಗಳಿಗೆ ಹಾಕಿ ಹೋಗುತ್ತಿದ್ದರು. ಹನ್ನೆರಡು ವರ್ಷಗಳಿಂದ ನಾನು ಅದರ ಕೆಳಗೆ ಓಡಾಡಿದ್ದೇನೆ. ಅಲಂಕಾರ ಎಂದುಕೊಂಡಿದ್ದೆ. ಅಲಂಕಾರವಾದರೆ ಅದೂ ಹೋಗಬೇಕು. ಡಾಲ್ಫಿನ್ನಿಗೆ ಒಂದು ಕಾನೂನು, ತೋರಣಕ್ಕೆ ಒಂದು ಕಾನೂನು ಆಗುವುದಿಲ್ಲ. ಸ್ಟೂಲು ಹತ್ತಿ ಬಿಚ್ಚಿದೆ.

ಎಂಟು ಗಂಟೆಗೆ ಶಿರಾಳಕೊಪ್ಪದಿಂದ ಬರುವ ಗುಜರಿಯವನು ಗಾಡಿ ತಂದು ಡಾಲ್ಫಿನ್ನು, ಕುದುರೆ, ಹಡಗು, ಹಂಸ ಎಲ್ಲವನ್ನೂ ಹೇರಿಕೊಂಡ. ತಾಜಮಹಲನ್ನು ಮಾತ್ರ ಮುಂದಿನ ಸೀಟಿನಲ್ಲಿ ಕೂರಿಸಿದ. ತೋರಣ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ ಕೈಗೇ ವಾಪಸ್ ಕೊಟ್ಟ.

"ಇದು ಹುಲ್ಲು ಅಲ್ಲೇನ್ರಿ ಸಾಹೇಬ್ರ? ನಾ ಕಬ್ಬಿಣ, ಪ್ಲಾಸ್ಟಿಕ್ ನೋಡೋನು. ಹುಲ್ಲು ಒಯ್ದು ಯಾರಿಗೆ ಹಾಕ್ಲಿ, ಗಾಡಿಗೆ ಹಾಕ್ಲಾ?"

ಹೀಗೆ ತೋರಣ ಗೇಟಿನ ಮೇಲೆ ಬಂತು. ಆಮೇಲೆ ಹಸುವಿನ ಬಾಯಿಗೆ ಬಂತು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಗುಜರಿ ಬೇಡ, ಬೆಂಕಿ ಬೇಡ, ಕಸದ ಗಾಡಿ ಬೇಡ. ಒಂದು ವಸ್ತು ಭೂಮಿಗೆ ಭಾರವಾಗದೆ ನನ್ನ ಕಣ್ಣೆದುರೇ ಕರಗುತ್ತಿತ್ತು. ಬಿಳಿ ಅಂಗಿಯವನಿಗೂ ಇಂಥ ವಿಲೇವಾರಿ ಸಾಧ್ಯವಾಗಿರಲಿಕ್ಕಿಲ್ಲ. ಹಸುವಿನ ಹೆಸರು ಗೌರಿ. ಅದು ಕಣ್ಣು ಅರೆಮುಚ್ಚಿ, ತುಂಬ ಶ್ರದ್ಧೆಯಿಂದ ಅಗಿಯುತ್ತಿತ್ತು. ಆಗ ಮೊಬೈಲು ಹೊಡೆದುಕೊಂಡಿತು.

"ಸಾಹೇಬ್ರೇ, ನಾನು ಪಾರ್ವತಿ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿದೆ, ಅರ್ಧ ಗಂಟೇಲಿ ಬರ್ತೀನಿ. ಬಾಗಿಲ ಮೇಲಿನ ತೋರಣ ಬಿಚ್ಚಿಡಿ ಮಾರಾಯ್ರೆ. ಬೀಜಕ್ಕೆ ಬೇಕು."

"ಬೀಜಕ್ಕಾ ಅಕ್ಕಾ?"

"ಹೌದು, ಅತ್ತೆ ಭತ್ತದ ಬೀಜ. ಮನೇಲಿದ್ದ ಬೀಜದ ಮೂಟೆಗೆ ಹೆಂಚಿನ ಸಂದಿಯಿಂದ ನೀರಿಳಿದು ಎಲ್ಲ ಮೊಳಕೆ ಬಂದು ಕೊಳೆತು ಹೋಯ್ತು. ನಮ್ಮ ಬಾಗಿಲ ತೋರಣ ಮಂಗ ಹೊತ್ಕೊಂಡು ಹೋಯ್ತು. ಕ್ಯಾಸನೂರಿನ ತಂಗಿ ಮನೆಯದನ್ನ ಇಲಿ ತಿಂದಿದೆ. ಇನ್ನು ಇರೋದು ನಿಮ್ಮನೇದು ಒಂದೇ. ಪುಣ್ಯಕ್ಕೆ ನಿಮ್ಮನೇಲಿ ಮಂಗಾನೂ ಇಲ್ಲ, ಇಲೀನೂ ಇಲ್ಲ."

ಅತ್ತೆ ಭತ್ತ ಎಂದರೆ ಅವರ ಅತ್ತೆ ತವರಿನಿಂದ ತಂದಿದ್ದ ಕೆಂಪು ಭತ್ತ. ಸುತ್ತಲಿನವರು ಜೋಳಕ್ಕೂ ಶುಂಠಿಗೂ ಹೋದ ಮೇಲೆಯೂ ಪಾರ್ವತಕ್ಕ ಅದನ್ನು ಹತ್ತು ಗುಂಟೆಯಲ್ಲಿ ಬಿತ್ತುತ್ತಿದ್ದರು. ಬೇರೆ ಯಾರ ಹತ್ತಿರವೂ ಆ ಬೀಜವಿಲ್ಲ. ಒಂದೇ ಮನೆಯಲ್ಲಿದ್ದರೆ ಅಪಾಯವೆಂದು ಪ್ರತಿ ವರ್ಷ ಒಳ್ಳೆಯ ತೆನೆ ಆರಿಸಿ, ತೋರಣ ಹೆಣೆದು, ತಂಗಿಯರ ಮನೆಗಳ ಬಾಗಿಲಿಗೆ ಕಟ್ಟುತ್ತಿದ್ದರು. ಹನ್ನೆರಡು ವರ್ಷ ಅದರ ಅಗತ್ಯ ಬಿದ್ದಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಒಂದೇ, ಉಳಿದಿದ್ದ ಬೀಜವೆಲ್ಲ ಗೌರಿಯ ದವಡೆಯಲ್ಲಿದೆ.

ಗೇಟು ತೆರೆದು ಓಡಿ ತೋರಣದ ಉಳಿದ ತುದಿಯನ್ನು ಹಿಡಿದೆ. ಗೌರಿ ಎಳೆಯಿತು. ನಾನೂ ಎಳೆದೆ. ಜಮೀನು ಅಳೆಯುವ ಸರಪಳಿ ಎಳೆದ ಅನುಭವ ನನಗಿತ್ತು, ಆದರೆ ಸರಪಳಿಯ ಆ ತುದಿಯಲ್ಲಿ ಇರುತ್ತಿದ್ದವರು ನನ್ನ ಕೈಕೆಳಗಿನವರು. ಎದುರು ಕಟ್ಟೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ರುದ್ರಮ್ಮನವರು ಎದ್ದು ನಿಂತರು.

"ಅಯ್ಯ, ಬಾಯಾಗಿಂದು ಕಸಗೋತಾರೇನ್ರಿ ಸಾಹೇಬ್ರ? ಮೂಕ ಜೀವ!"

"ಬೀಜ ರುದ್ರಮ್ಮ, ಬಿತ್ತನೆ ಬೀಜ!"

"ಬೀಜ ಅಂತ ಅದಕ್ಕೇನ್ ಗೊತ್ತ್ರಿ? ನಾಳೆ ಬೆಳಿಗ್ಗಿ ತನಕ ತಡೀರಿ, ತಾನೇ ವಾಪಸ್ ಕೊಡ್ತಾಳ."

ಕೊನೆಗೆ ನನ್ನ ಕೈಗೆ ಬಂದದ್ದು ಒಂದು ಗೇಣು ಉದ್ದದ ಬಿಗಿಯಾದ ಜಡೆ, ಅದೂ ಒದ್ದೆ. ರಸ್ತೆಯಲ್ಲಿ ಉದುರಿದ ಕಾಳುಗಳನ್ನು ಮಂಡಿಯೂರಿ ಒಂದೊಂದಾಗಿ ಆರಿಸಿದೆ. ಹಾಲು ಡೈರಿಗೆ ಹೋಗುತ್ತಿದ್ದವರು ಬೈಕು ನಿಲ್ಲಿಸಿ, "ಸಾರ್, ಉಂಗುರ ಬಿತ್ತಾ?" ಎಂದು ಕೇಳಿದರು. ಹೌದು ಎಂದೆ. ಅವರೂ ಹುಡುಕತೊಡಗಿದರು, ಕಾಲಿನಿಂದ ಕಾಳು ತುಳಿದರು. ಇಲ್ಲ, ಸಿಕ್ಕಿತು ಎಂದು ಅವರನ್ನು ಕಳಿಸಬೇಕಾಯಿತು.

ಪಾರ್ವತಕ್ಕ ಆಟೋದಿಂದ ಇಳಿದಾಗ ನಾನು ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದೆ. ಬಾಗಿಲ ಮೇಲೆ ನೋಡಿದರು. ಒಳಗೆ ಖಾಲಿ ಶೋಕೇಸು ನೋಡಿದರು. ಮೊರ ನೋಡಿದರು. ಹಸು ತಿಂದಿತು ಎಂದು ಹೇಳಿದೆ. ಉಪಯೋಗಕ್ಕೆ ಬಾರದ ಅಲಂಕಾರವೆಂದು ತಿಳಿದು ಹೊರಗೆ ಹಾಕಿದ್ದೆ ಎಂದೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಪಕ್ಕ ಕೂತು ಜಡೆಯನ್ನು ಬಿಚ್ಚಿ ಕಾಳು ಉದುರಿಸತೊಡಗಿದರು. ಕೈ ಬೆರಳು ಒಂದೇ ಸಮನೆ ಆಡುತ್ತಿತ್ತು, ಕಣ್ಣು ತುಂಬಿತ್ತು.

"ಅತ್ತೆಗೆ ಕೊನೇ ವರ್ಷ ನಮ್ಮ ಹೆಸರೆಲ್ಲ ಮರೆತು ಹೋಗಿತ್ತು" ಅಂದರು. "ನನ್ನ ಕಂಡ್ರೆ ಮಾತ್ರ, ಬಿತ್ತಿದ್ಯೇನೇ ಅಂತ ಕೇಳ್ತಿದ್ರು."

ನಾನು ಮೊರದ ಕಾಳುಗಳನ್ನು ಎಣಿಸಿದೆ. ಆರುನೂರ ಹನ್ನೆರಡು ಕಾಳು. ಒಂದೊಂದೇ ಸಸಿ ನೆಟ್ಟರೂ ಅರ್ಧ ಗುಂಟೆಗೆ ಸಾಲದು. ಹತ್ತು ಗುಂಟೆಯ ಗದ್ದೆ ಅರ್ಧ ಗುಂಟೆಗಿಂತ ಕಡಿಮೆಯಾಯಿತು. ನನ್ನ ಸರ್ವಿಸಿನಲ್ಲಿ ಎಂಥೆಂಥ ಒತ್ತುವರಿದಾರರನ್ನು ಕಂಡಿದ್ದೇನೆ. ಒಂದು ಬೆಳಿಗ್ಗೆಯಲ್ಲಿ ಇಷ್ಟು ಜಮೀನು ನುಂಗಿದವರನ್ನು ಕಂಡಿರಲಿಲ್ಲ.

ಪಾರ್ವತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಗದ್ದೆ ಬದುವಿನಲ್ಲಿ ಗಡಿ ಗುರುತಿಗೆ ಬಾಂದುಕಲ್ಲು ನೆಡಿಸ್ತಿದ್ರಲ್ಲ ನೀವು. ಅದೂ ವರ್ಷಾನುಗಟ್ಲೆ ಸುಮ್ನೆ ನಿಂತಿರ್ತದೆ. ಎಂತಕ್ಕೂ ಬರಲ್ಲ ಅಂತ ಯಾರಾದ್ರೂ ಕಿತ್ತು ಎಸೆದ್ರೆ ಏನು ಮಾಡ್ತಿದ್ರಿ?"

"ನೋಟೀಸು ಕೊಡ್ತಿದ್ದೆ ಅಕ್ಕ."

"ಹಂಗಾರೆ ತಗೊಳ್ಳಿ ನೋಟೀಸು" ಎಂದು ನೂರ ಹನ್ನೆರಡು ಕಾಳು ಬೇರೆ ಮಾಡಿ ನನ್ನ ಅಂಗೈಗೆ ಸುರಿದರು. "ಎಲ್ಲಾ ಒಂದೇ ಮನೇಲಿ ಇಡಬಾರದು. ತಾರಸಿ ಮೇಲೆ ಬಕೆಟ್ಟಿನಲ್ಲಿ ಬೆಳೀರಿ. ನೀವೇ ನೀರು ಕಟ್ಟಬೇಕು, ನೀವೇ ಗುಬ್ಬಿ ಓಡಿಸಬೇಕು. ಗಿರಿಜಾ ಮುಟ್ಟಂಗಿಲ್ಲ."

ಸೋಮವಾರ ಬಂದ ಗಿರಿಜಾ ಎಲ್ಲ ಕೇಳಿ, ಬಾಗಿಲ ಮೇಲಿನ ಖಾಲಿ ಮೊಳೆಯನ್ನು ಒಂದು ನಿಮಿಷ ನೋಡಿದಳು. "ಮಂಗಾನೂ ಇಲ್ಲ, ಇಲೀನೂ ಇಲ್ಲ ಅಂದ್ಳಾ ಅಕ್ಕ? ಪಾಪ, ನೀವು ಮನೇಲಿರೋದು ಮರ್ತಿದ್ಲೇನೋ" ಅಂದಳು.

ತಾರಸಿಯಲ್ಲಿ ಬಣ್ಣದ ಹಳೆಯ ಬಕೆಟ್ಟುಗಳು ಇಪ್ಪತ್ತೆಂಟು. ಜೂನಿನಿಂದ ಡಿಸೆಂಬರಿನವರೆಗೆ ನಾನು ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಗುಬ್ಬಿಗೆ ಹೆದರಿಕೆಯಾಗಲೆಂದು ಹಳೆಯ ಸಿ.ಡಿ.ಗಳು, ಬಣ್ಣದ ರಿಬ್ಬನ್ನು, ಗಿರಗಿಟ್ಟಲೆ, ಒಂದು ಬೆದರುಬೊಂಬೆ, ಅದಕ್ಕೆ ನನ್ನ ಬಿಳಿ ಅಂಗಿ. ಬೀದಿಯವರು ನಮ್ಮ ತಾರಸಿಯನ್ನು ತೋರಿಸಿ ನೆಂಟರಿಗೆ ಮನೆಯ ಗುರುತು ಹೇಳುವಷ್ಟಾಯಿತು. ಸುಗ್ಗಿಯಲ್ಲಿ ಪಾರ್ವತಕ್ಕನ ಗದ್ದೆಯ ಮೂಲೆಯಲ್ಲಿಯೂ ತೆನೆ ಬಂತು, ನನ್ನ ಬಕೆಟ್ಟುಗಳಲ್ಲಿಯೂ ಬಂತು. ಮುಂದಿನ ವರ್ಷ ಹತ್ತು ಗುಂಟೆಗೂ ಬಿತ್ತಬಹುದು ಎಂದು ಅವರು ಹೇಳಿದ ದಿನ ನಾನು ಬಹಳ ಕಾಲದ ನಂತರ ನೆಟ್ಟಗೆ ನಿದ್ದೆ ಮಾಡಿದೆ. ನನ್ನ ತೆನೆಯ ತೋರಣವನ್ನು ಅವರೇ ಹೆಣೆದು ಕಟ್ಟಿದರು. "ಪರವಾಗಿಲ್ಲ ಸಾಹೇಬ್ರೆ, ಹಸು ತಿಂದಿದ್ದಕ್ಕೆ ನೀವಾದ್ರೂ ಏನ್ಮಾಡೋಕಾಗ್ತಿತ್ತು" ಅಂದರು.

ನಾನು ಸ್ಟೂಲು ಎತ್ತಿಕೊಂಡು ಒಳಗೆ ಹೋದೆ. ಆ ಬೆಳಿಗ್ಗೆ ನಡೆದದ್ದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಒಬ್ಬರೇ, ಎದುರುಮನೆಯ ರುದ್ರಮ್ಮನವರು. ವಯಸ್ಸು ಎಪ್ಪತ್ತೆರಡು, ಕನ್ನಡಕವಿಲ್ಲ. ಗೌರಿಯನ್ನು ಕಂಬಕ್ಕೆ ಕಟ್ಟಿತ್ತು, ಹಗ್ಗ ಗೇಟಿನವರೆಗೆ ಎಟುಕುತ್ತಿರಲಿಲ್ಲ, ಸಾಹೇಬರೇ ತೋರಣ ತೆಗೆದು ಗೇಟಿನ ಮೇಲಿಂದ ಕೈ ಚಾಚಿ, "ತಗೋ ಗೌರವ್ವ, ಪ್ಲಾಸ್ಟಿಕ್ ಅಲ್ಲ, ಅಪ್ಪಟ ಮಾಲು" ಎಂದು ಬಾಯಿಗಿಟ್ಟರು ಎಂಬುದು ಅವರ ಹೇಳಿಕೆ. ಹೇಳಿಕೆ ನಿಜ. ಅದನ್ನು ಅವರು ಇನ್ನೂ ಪಾರ್ವತಕ್ಕನ ಮುಂದೆ ಕೊಟ್ಟಿಲ್ಲ, ನನ್ನೊಬ್ಬನ ಮುಂದೆ ಆಗಾಗ ಕೊಡುತ್ತಾರೆ. ಜೂನಿನಿಂದ ನಮ್ಮ ಮನೆಗೆ ಅವರದೇ ಹಾಲು. ಹಾಲು ದಿನದಿಂದ ದಿನಕ್ಕೆ ತೆಳುವಾಗುತ್ತಿದೆ ಎಂದು ಗಿರಿಜಾ ಹೇಳುತ್ತಾಳೆ. ನಾನು ಲೋಟವನ್ನು ಬೆಳಕಿಗೆ ಹಿಡಿದು, ಆಚೆ ಬದಿಯ ದಾಸವಾಳ ಸ್ಪಷ್ಟವಾಗಿ ಕಾಣುತ್ತಿದ್ದರೂ, ಗಟ್ಟಿಯಾಗಿಯೇ ಇದೆ ಎನ್ನುತ್ತೇನೆ. ರುದ್ರಮ್ಮನವರು ಬದುಕಿದ್ದಾರೆ. ಆರೋಗ್ಯವಾಗಿದ್ದಾರೆ.