ಅರ್ಜಿದಾರರು ಗಂಟೆಯಾಕಾರದಲ್ಲಿ ಕಾಯತಕ್ಕದ್ದು

ಸಂಖ್ಯೆ: ಅಂಪ/ಕಾಯುವಿಕೆ/ಗಂಆ/೩(ಬಿ)/ತಿದ್ದುಪಡಿಗೆ ತಿದ್ದುಪಡಿ

ವಿಷಯ: ಮೂರನೇ ಕಿಟಕಿಯ ಮುಂದೆ ಸಾರ್ವಜನಿಕರು ಕಾಯುವ ಅವಧಿಯನ್ನು ನಾರ್ಮಲ್ ವಿತರಣೆಗೆ (ಅಂದರೆ ಗಂಟೆಯಾಕಾರಕ್ಕೆ) ಒಳಪಡಿಸುವ ಬಗ್ಗೆ.

ಉಲ್ಲೇಖ: (೧) ನಿರ್ದೇಶಕರು ಸಂಖ್ಯಾಶಾಸ್ತ್ರ ತರಬೇತಿಯಲ್ಲಿ ಊಟದ ವಿರಾಮದವರೆಗೆ ಭಾಗವಹಿಸಿದ್ದು.
(೨) ಸಂಖ್ಯಾಶಾಸ್ತ್ರ ಸಹಾಯಕಿಯ ಟಿಪ್ಪಣಿ, ಯಾರೂ ಕೇಳದೆ ಬರೆದದ್ದು.

ಜನರ ಎತ್ತರ, ಪಾದದ ಉದ್ದ ಮುಂತಾದವು ನಡುವೆ ಗುಡ್ಡೆಬಿದ್ದು ಎರಡೂ ಬದಿಗೆ ಸಮನಾಗಿ ತೆಳುವಾಗುತ್ತವೆ, ನಕ್ಷೆ ಬರೆದರೆ ಬಾರಿಸುವ ಗಂಟೆಯ ಆಕಾರ ಬರುತ್ತದೆ ಎಂದು ಉಲ್ಲೇಖ (೧)ರಲ್ಲಿ ತಿಳಿದುಬಂದಿದೆ. ಅದರಂತೆ, ಅಂಗಡಿ ಪರವಾನಗಿಗಾಗಿ ಇಲ್ಲಿ ಕಾಯುವ ಅವಧಿಯೂ ಗಂಟೆಯಾಕಾರದಲ್ಲಿದೆ ಎಂದು ನಿರ್ದೇಶಕರು ಮೇಲಿನ ಕಚೇರಿಗೆ ಬರೆದಿರುತ್ತಾರೆ. ನಕ್ಷೆಯನ್ನು ಆಮೇಲೆ ಬರೆಯಲಾಯಿತು.

"ಇದು ಗಂಟೆಯಲ್ಲ ಸಾರ್, ಜಾರುಬಂಡೆ. ಕಾಯೋ ಹೊತ್ತು ಸೊನ್ನೆಗಿಂತ ಕಮ್ಮಿ ಆಗಲ್ಲ, ಜಾಸ್ತಿ ಮಾತ್ರ ಎಷ್ಟು ಬೇಕಾದ್ರೂ ಆಗುತ್ತೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು" ಎಂದು ಸಹಾಯಕಿ ನಗುತ್ತಲೇ ಹೇಳಿರುವುದು ವಿಷಾದನೀಯ. ಪತ್ರ ಆಗಲೇ ಹೋಗಿಯಾಗಿದೆ. ಆದ್ದರಿಂದ ಅಂಕಿಅಂಶಗಳೇ ಸರಿಹೋಗಬೇಕೆಂದು ಈ ಮೂಲಕ ಆದೇಶಿಸಲಾಗಿದೆ.

೧. ಗಂಟೆಗೆ ಎರಡು ಸಮಭಾಗಗಳಿರುತ್ತವೆ. ಬೇಗ ಕೆಲಸ ಮುಗಿದವರನ್ನು ಮಾತಿಗೆಳೆದು, ಮನೆಮಂದಿಯ ಕ್ಷೇಮ ವಿಚಾರಿಸಿ, ನಡುವಿನ ಗುಂಪಿಗೆ ಸೇರಿಸತಕ್ಕದ್ದು.

೨. ಗಂಟೆಯ ಎಡಬಾಲ ಸೊನ್ನೆಯನ್ನೂ ದಾಟಿ ಹಿಂದಕ್ಕೆ ಹೋಗುವುದರಿಂದ, ಕೆಲವರಿಗೆ ಅವರು ಬರುವ ಮೊದಲೇ ಪರವಾನಗಿ ನೀಡತಕ್ಕದ್ದು. ಯಾರು ಬರಲಿದ್ದಾರೆಂಬುದನ್ನು ಜವಾನರು ಗೇಟಿನಲ್ಲಿ ನಿಂತು ಮುಖ ನೋಡಿ ನಿರ್ಧರಿಸತಕ್ಕದ್ದು. ಬಸ್ಸಿಗೆ ಓಡುತ್ತಿದ್ದ ಹಲ್ಲಿನ ಡಾಕ್ಟರೊಬ್ಬರ ಕೈಗೆ ಕೋಳಿ ಅಂಗಡಿಯ ಪರವಾನಗಿ ತುರುಕಲಾಗಿದ್ದು, ಅವರ ಬೈಗುಳವನ್ನು ಸ್ವೀಕೃತಿ ಎಂದು ಪರಿಗಣಿಸಲಾಗಿದೆ.

೩. ಸರಾಸರಿ, ಮಧ್ಯಾಂಕ (ಸಾಲಿನ ನಟ್ಟನಡುವಿನವರು ಕಾದ ಹೊತ್ತು), ಬಹುಲಕ (ಅತಿ ಹೆಚ್ಚು ಜನ ಕಾದ ಹೊತ್ತು) ಮೂರೂ ಒಂದೇ ಜಾಗದಲ್ಲಿರತಕ್ಕದ್ದು. ನಕ್ಷೆಯನ್ನು ಪರಿಶೀಲಿಸಿದಾಗ ಮೂರೂ ಮೂರು ದಿಕ್ಕಿಗಿದ್ದವು. ಅದರಲ್ಲೂ ಸರಾಸರಿಯು ಒಬ್ಬರೇ ವ್ಯಕ್ತಿಯ ಹಿಂದೆ ಬಲಕ್ಕೆ ಓಡಿಹೋಗಿರುತ್ತದೆ.

೪. ಸದರಿ ವ್ಯಕ್ತಿ ಎದುರು ಬೀದಿಯ ಟೈಲರಕ್ಕ. ಅಂಗಡಿ ತೆರೆಯದೆ ತಪಾಸಣೆಯಿಲ್ಲ, ತಪಾಸಣೆಯಿಲ್ಲದೆ ಪರವಾನಗಿಯಿಲ್ಲ ಎಂದು ಮೊದಲ ಮೇಜು, ಪರವಾನಗಿಯಿಲ್ಲದೆ ತೆರೆಯುವಂತಿಲ್ಲ ಎಂದು ಎರಡನೇ ಮೇಜು ಹೇಳುತ್ತಿರುವುದರಿಂದ ಹಿಂದಿನ ನಿರ್ದೇಶಕರ ಕಾಲದಿಂದ ಬೆಂಚಿನಲ್ಲಿದ್ದಾರೆ. ಹೊಲಿಗೆ ಮೆಷಿನ್ನು ಮುಚ್ಚಿದ ಬಾಗಿಲ ಹಿಂದೆ ತುಕ್ಕು ಹಿಡಿಯುತ್ತಿದೆ, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುತ್ತಿದ್ದಾರೆ. ಇದಕ್ಕೆ ಕಚೇರಿಯ ವಿಷಾದವಿದೆ. ಆದರೆ ನಕ್ಷೆ ಕೆಡುತ್ತದೆ. ಆಕೆಯನ್ನು ಸಂಜೆಯೊಳಗೆ ನಕ್ಷೆಯಿಂದ ತೆಗೆಯಲು ಸಹಾಯಕಿಗೆ ಸೂಚಿಸಲಾಯಿತು.

೫. ಅಳತೆ ತಪ್ಪಿದ್ದರೆ ತೆಗೆಯಬಹುದು, ಆದರೆ ಟೈಲರಕ್ಕ ತಪ್ಪು ಅಳತೆಯಲ್ಲ, ಕಣ್ಣೆದುರೇ ಕೂತಿದ್ದಾರೆ ಎಂದು ಸಹಾಯಕಿ ತಕರಾರು ತೆಗೆದರು. ತರುವಾಯ ಆದೇಶವನ್ನು ಪಾಲಿಸಿದ ರೀತಿ ಹೀಗಿದೆ: ಎರಡೂ ಮೇಜುಗಳನ್ನು ಎಳೆದು ಒಂದಕ್ಕೊಂದು ಜೋಡಿಸಿ, ಇಬ್ಬರು ಗುಮಾಸ್ತರನ್ನೂ ಎದುರುಬದುರು ಕೂರಿಸಿ, ಸಹಿ ಬೀಳುವವರೆಗೆ ಟೀ ಬಾರದಂತೆ ನೋಡಿಕೊಂಡು, ಪರವಾನಗಿಯನ್ನು ಟೈಲರಕ್ಕನ ಕೈಗಿತ್ತು ಕಳುಹಿಸಿರುತ್ತಾರೆ. "ತೆಗೀರಿ ಅಂದ್ರಲ್ಲ ಸಾರ್, ತೆಗೆದೆ" ಎಂಬುದು ಅವರ ಹೇಳಿಕೆ. ನಕ್ಷೆಯ ಬಲಬಾಲ ನಿಜಕ್ಕೂ ಮಾಯವಾಗಿದೆ. ಆದರೂ ಇಂಥ ವಿಧಾನ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಕಾರಣ, ಶಿಕ್ಷಾರೂಪದಲ್ಲಿ ಸಹಾಯಕಿಯನ್ನು ಮೂರನೇ ಕಿಟಕಿಗೇ ಕೂರಿಸಲಾಗಿದೆ.

೬. ಅಂದಿನಿಂದ ಬೆಂಚು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿದ್ದು, ನಕ್ಷೆ ಬರೆಯಲು ಕಾಯುವವರೇ ಸಿಗುತ್ತಿಲ್ಲ. ಕೆಲಸವಿಲ್ಲದಿದ್ದರೂ ಬಂದು ಸ್ವಲ್ಪ ಹೊತ್ತು ಕಾದು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ಸಹಿ/-
ಅಧೀಕ್ಷಕರು
(ನಿರ್ದೇಶಕರ ಪರವಾಗಿ; ನಿರ್ದೇಶಕರು ಪ್ಯಾಂಟಿನ ಅಳತೆ ಕೊಡಲು ಹೋಗಿರುತ್ತಾರೆ)

ಪ್ರತಿಗಳು:
೧. ಮೇಲಿನ ಕಚೇರಿಗೆ, ನಕ್ಷೆಯನ್ನು ದೂರದಿಂದ ನೋಡಬೇಕೆಂಬ ವಿನಂತಿಯೊಂದಿಗೆ.
೨. ಸಂಖ್ಯಾಶಾಸ್ತ್ರ ಸಹಾಯಕಿಗೆ, ನಗದೆ ಓದತಕ್ಕದ್ದು.
೩. ಜೋಡಿಸಿದ ಮೇಜುಗಳಿಗೆ, ಬೇರ್ಪಡಿಸುವ ಆದೇಶ ಬರುವವರೆಗೆ ಹಾಗೆಯೇ ಇರತಕ್ಕದ್ದು.
೪. ಟೈಲರಕ್ಕನಿಗೆ, ಅಂಗಡಿಯಲ್ಲೇ ಖುದ್ದಾಗಿ ತಲುಪಿಸಿದೆ. ಅಲ್ಲಿ ಸರದಿಯಿದ್ದ ಕಾರಣ ಜವಾನರು ಕಾಯಬೇಕಾಯಿತು.